ಮೂರೇ ಗಂಟೆಯಲ್ಲಿ ಒಣಗಿದ ಶೀಟು

ನಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ಗಾಳಿಯ ಗುಟ್ಟು ಬಲ್ಲವರು ಒಬ್ಬರೇ. ಅವರು ಡಾಕ್ಟರಲ್ಲ, ಹಿಂಬದಿಯ ಬಟ್ಟೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಡ್‌ಶೀಟು ಒಗೆಯುವ ಶೀಟಕ್ಕ.

ಅವರ ಲೆಕ್ಕ ಸರಳ. ಚಳಿಗಾಲದಲ್ಲಿ ನೆರಳಿಗೆ ಹರವಿದ ಶೀಟು ಒಣಗಲು ಐದು ಗಂಟೆ ಬೇಕು. ಮೂರು ಗಂಟೆಯಲ್ಲೇ ಗರಿಗರಿಯಾಯಿತೆಂದರೆ ಗಾಳಿಯ ಪಸೆ ಆರಿದೆ. ಹತ್ತು ಹನ್ನೆರಡು ದಿನಕ್ಕೆ ಕೆಮ್ಮುವವರ ಸಾಲು ಗೇಟು ದಾಟುತ್ತದೆ. ನಾನು ವೈದ್ಯಕೀಯ ಪುಸ್ತಕ ತಿರುವಿ ನೋಡಿದೆ. ಅಲ್ಲಿರುವುದೂ ಇದೇ! ತಣ್ಣನೆಯ ಒಣಗಾಳಿಯಲ್ಲಿ ಫ್ಲೂ ವೈರಸ್ಸು ಹೆಚ್ಚು ಹೊತ್ತು ಬದುಕುತ್ತದೆ, ನಮ್ಮ ಮೂಗು ಗಂಟಲು ಒಣಗಿ ಸೋಲುತ್ತವೆ. ಸಾಲದ್ದಕ್ಕೆ ನಾವು ಚಳಿಗೆ ಹೆದರಿ ಕಿಟಕಿ ಮುಚ್ಚಿ ಒಬ್ಬರ ಉಸಿರನ್ನು ಇನ್ನೊಬ್ಬರು ಕುಡಿಯುತ್ತೇವೆ.

ಹೋದ ವರ್ಷ ಶೀಟಕ್ಕ ಎಡವಿದ್ದರು. ಶೀಟು ಬೇಗ ಒಣಗಿತೆಂದು ಬೊಬ್ಬೆ ಹಾಕಿದರು. ಕೆಮ್ಮು ಬರಲೇ ಇಲ್ಲ. ಹಿಂಡುವ ಯಂತ್ರ ಆ ವಾರವಷ್ಟೇ ರಿಪೇರಿಯಾಗಿತ್ತು, ಶೀಟು ಅರ್ಧ ಒಣಗಿಯೇ ಹೊರಬರುತ್ತಿತ್ತು! "ಹವಾಮಾನ ಇಲಾಖೆ ಬಂತು, ದಾರಿ ಬಿಡ್ರಪ್ಪಾ" ಎಂದು ಕಾಂಪೌಂಡರು ವರ್ಷವಿಡೀ ಕಿಚಾಯಿಸಿದ. ಅಂದಿನಿಂದ ಅವರು ದಿನಕ್ಕೊಂದು ಶೀಟನ್ನು ಯಂತ್ರಕ್ಕೆ ಹಾಕದೆ ಕೈಯಲ್ಲೇ ಹಿಂಡಿ, ಒಂದೇ ಜಾಗದಲ್ಲಿ ಹರವುತ್ತಾರೆ.

ಈ ಚಳಿಗಾಲದ ಒಂದು ಸೋಮವಾರ ಆ ಶೀಟು ಮೂರೇ ಗಂಟೆಯಲ್ಲಿ ಒಣಗಿತು. ಮಂಗಳವಾರವೂ ಅಷ್ಟೇ. ಬುಧವಾರ ಎರಡೂಮುಕ್ಕಾಲು ಗಂಟೆಯಲ್ಲೇ! ಮಕ್ಕಳ ವಾರ್ಡಿನಲ್ಲಿ ಶೀಟಕ್ಕನ ಮಗಳ ಕೂಸು ಮಲಗಿತ್ತು, ತಿಂಗಳು ಮೊದಲೇ ಹುಟ್ಟಿದ ಒಂಬತ್ತು ದಿನದ ಹೆಣ್ಣು. ಚಳಿಯೆಂದು ಅಲ್ಲಿನ ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದರು. ಒಳಗೆ ಹನ್ನೆರಡು ಮಂಚ, ನಲವತ್ತು ನೆಂಟರು.

ಒದ್ದೆ ಕೈಯಲ್ಲೇ ಹೆಡ್ ನರ್ಸ್ ಬಳಿ ಓಡಿದರು.

"ಸಿಸ್ಟರಮ್ಮಾ, ಮೇಲಿನ ಕಿಟಕಿ ತೆಗೆಸಿ, ನೆಂಟರನ್ನ ಆಚೆ ಕಳ್ಸಿ. ಇವತ್ತೇ!"

"ಶುರುವಾಯ್ತಾ ನಿಂದು? ಮಕ್ಕಳಿಗೆ ಚಳಿ ಆಗಲ್ವೇನೇ?"

"ಚಳಿಗೆ ಹೀಟರಿದೆ, ಕಂಬಳಿ ಇದೆ. ಕೆಮ್ಮಿಗೆ ಏನಿದೆ ಹೇಳಿ?"

"ಹೋದ್ಸಲಾನೂ ಹೀಗೇ ಕುಣಿದಿದ್ಯಲ್ಲ ತಾಯಿ!"

"ಹೋದ್ಸಲ ಹಿಂಡಿದ್ದು ಮಿಷನ್ನು. ಈ ಸಲ ಈ ಕೈ. ಮುಟ್ಟಿ ನೋಡಿ!" ಎಂದು ಶೀಟನ್ನು ಮೇಜಿನ ಮೇಲೆ ಎಸೆದರು.

ನರ್ಸಮ್ಮ ಮುಟ್ಟಿದರು. ತಮ್ಮ ಒಡೆದ ತುಟಿ ಸವರಿಕೊಂಡರು. ಮೊಳೆ ಕೀಳಲು ಬಡಗಿಯನ್ನು ಕರೆಸಿದರು, ನೆಂಟರನ್ನು ಆಚೆ ಕಳಿಸಿದರು.

ಹನ್ನೊಂದನೆಯ ದಿನ ಕೆಮ್ಮುವವರ ಸಾಲು ಗೇಟು ದಾಟಿ ರಸ್ತೆಗಿಳಿಯಿತು! ಗಂಡಸರ ವಾರ್ಡಿನ ಕಿಟಕಿ ತೆಗೆಸಲು ಮಾತ್ರ ದೊಡ್ಡ ಡಾಕ್ಟರು ಒಪ್ಪಿರಲಿಲ್ಲ. "ಬಟ್ಟೆ ಒಗೆಯೋಳ ಮಾತು ಕೇಳ್ಬೇಕಾ ನಾನು?" ಅಂದರಂತೆ. ಅಲ್ಲಿ ಕಾಲು ಮುರಿದು ಬಂದವರೂ ಜ್ವರ ಹೊತ್ತು ಮಲಗಿದರು. ಇದಕ್ಕೆ ಆಸ್ಪತ್ರೆ ಎನ್ನಬೇಕೇ, ಸ್ವಾಮಿ? ಮಕ್ಕಳ ವಾರ್ಡಿನಲ್ಲಿ ಕೆಮ್ಮಿದ್ದು ಒಂದೇ ಮಗು, ಅದೂ ಚೇತರಿಸಿಕೊಂಡಿತು. ಅದೃಷ್ಟ ಅನ್ನುವವರಿದ್ದಾರೆ. ಇರಲಿ. ಗಂಡಸರ ವಾರ್ಡಿಗೆ ಆ ಅದೃಷ್ಟ ಯಾಕೆ ನುಗ್ಗಲಿಲ್ಲ?

ಮೂರನೆಯ ವಾರ ಕೂಸು ಮನೆಗೆ ಹೋಯಿತು. ಅಲ್ಲಿ ಒಂಬತ್ತು ಜನ ಕೋಣೆ ತುಂಬಿ, ಬಾಗಿಲು ಮುಚ್ಚಿಕೊಂಡು ಕಾದಿದ್ದರು. ಬೀಗರು ಮೂಗು ಒರೆಸುತ್ತ ಕೈಚಾಚಿದರು: "ಕೊಡಿ ಬೀಗಿತ್ತಿ, ನನ್ನ ಮೊಮ್ಮಗಳನ್ನ."

"ಮೊದಲು ನೆಗಡಿ ಬಿಡಿಸ್ಕೊಳ್ಳಿ, ಆಮೇಲೆ ಮೊಮ್ಮಗಳು!" ಎಂದು ಶೀಟಕ್ಕ ಬಾಗಿಲು ತೆರೆದು ಒಂಬತ್ತು ಜನರನ್ನೂ ಅಂಗಳಕ್ಕೆ ಅಟ್ಟಿದರು.

ಬೀಗರು ಇನ್ನೂ ಮುನಿಸಿಕೊಂಡಿದ್ದಾರಂತೆ. ಕೂಸು ಮೂರು ಕೇಜಿ ದಾಟಿದೆ!