ಬಾಗಿಲು ಹಾಕಿಕೊಂಡು ಭಜನೆ

ಸಾಕಾಗಿ ಹೋಗಿದೆ ಗೆಳೆಯರೇ.

ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಜೊತೆ ಮೂರು ದಿನ ಗುದ್ದಾಡಿದ್ದೆ. ಇವತ್ತು ಬೆಳಿಗ್ಗೆ ಅದರ ಹಸಿರು ದೀಪ ಹತ್ತಿತು. ನಮ್ಮ ಸೋದರತ್ತೆಯ ತತ್ವಪದಗಳನ್ನು ರೆಕಾರ್ಡ್ ಮಾಡಬೇಕಿತ್ತು. ಅವು ಯಾವ ಪುಸ್ತಕದಲ್ಲೂ ಇಲ್ಲ, ಅವರ ಬಾಯಲ್ಲಷ್ಟೇ ಇವೆ. ಅದಕ್ಕೆಂದೇ ಔರಾದದಿಂದ ಬಸ್ಸು ಹಿಡಿದು ಭಾಲ್ಕಿಯ ನಮ್ಮ ಮನೆಗೆ ಬಂದಿದ್ದರು.

ಫ್ಯಾನ್ ಆರಿಸಿದೆ, ಕಿಟಕಿಗೆ ಕೌದಿ ಕಟ್ಟಿದೆ, ಬಾಗಿಲು ಹಾಕಿದೆ. ಅತ್ತೆ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಬಾಗಲಾ ಹಾಕ್ಕೊಂಡು ಯಾರರ ಭಜನಿ ಮಾಡ್ತಾರೇನೋ? ಹಿಂದ ಹಾಡ್ಲಿಕ್ಕಿ ಒಬ್ಬರೂ ಇಲ್ಲ. ನನ್ನ ದನಿ ಹ್ಯಾಂಗ ಏಳಬೇಕು?"

"ಹೊರಗಿನ ಸಪ್ಪಳ ಬರ್ತದ್ರಿ ಅತ್ತಿ."

"ಬರ್ಲಿ ಬಿಡು."

ತಾವೇ ಎದ್ದು ಬಾಗಿಲು ತೆಗೆದು ಓಣಿಯವರನ್ನು ಕೂಗಿ ಕರೆದರು. ಪಕ್ಕದ ಮನೆಯ ಕಸ್ತೂರಕ್ಕ ತಾಳ ಹಿಡಿದುಕೊಂಡು ಬಂದರು, ಅವರ ಹಿಂದೆ ಇನ್ನಿಬ್ಬರು. ಎಲ್ಲರೂ ಸೇರಿ ಪಲ್ಲವಿ ಹಿಡಿದದ್ದೇ ತಡ, ಅತ್ತೆಯ ದನಿ ಸೂರಿಗೆ ಮುಟ್ಟಿತು. ದನಿ ಅತಿಯಾಯಿತೆಂದು ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು. ನಾನು ಅದರ ಗುಂಡಿ ತಿರುಗಿಸುತ್ತ, "ಮೆಲ್ಲಕ್ರಿ, ಸಪ್ಪಳ ಮಾಡಬ್ಯಾಡ್ರಿ" ಎನ್ನುತ್ತಲೇ ಇದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಯ ಬಸ್ಸಿಗೆ ಹೊರಡುವ ಮೊದಲು ಅತ್ತೆ ತಲೆಯ ಮೇಲಿನ ಸೆರಗು ಸರಿಸದೆ, ಅದರ ಮೇಲೆಯೇ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಕೇಳಿದರು. ಆಮೇಲೆ ತೆಗೆದು ನನ್ನ ಕೈಗೆ ಕೊಟ್ಟರು.

"ಪದಾ ಎಲ್ಲಾ ಛಲೋ ಬಂದಾವ. ನಡುನಡುವ ನೀ ಒದರ್ಲತ್ತಿದ್ದಿ ನೋಡು, ಅದೊಂದೇ ಸಪ್ಪಳ."