ನೀಲಾಳ ಸೆರಗಿಗೆ ಬಂದ ಇಂಗ್ಲಿಷು

ಇವತ್ತು ಬೆಳಿಗ್ಗೆ ನನ್ನ ಕಂಪ್ಯೂಟರ್ ಒಂದು ಚೌಕ ತೆರೆದು, ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಸಭ್ಯವಾಗಿಯೇ ಕೇಳಿತು. ಆದರೂ ನನ್ನ ಬೆರಳು ಹಿಂದೆ ಸರಿಯಿತು. ನಿಮಗೂ ಇಂಥ ಚೌಕಗಳು ಬರುತ್ತಿರಬೇಕು. ನೀವು ಓದದೆ ‘ಹೂಂ’ ಅನ್ನುತ್ತೀರಿ. ನಾನೂ ಹಾಗೇ ಇದ್ದೆ, ಬನಹಟ್ಟಿಯ ಮಲ್ಲಪ್ಪ ಕಾಕಾನ ಮಗ್ಗ ಇಂಗ್ಲಿಷ್ ನೇಯುವವರೆಗೆ.

ಕಾಕಾ ನನ್ನ ತಂದೆಯ ತಮ್ಮ. ಮಗಳು ನೀಲಾ ನಿಶ್ಚಯದ ದಿನ ಉಡುವ ಸೀರೆ ತನ್ನ ಮಗ್ಗದ ಮೇಲೇ ಆಗಬೇಕೆಂದು ಹಟ ಹಿಡಿದಿದ್ದ. ಅವನದು ಕಂಪ್ಯೂಟರಿನಿಂದ ಡಿಸೈನ್ ತೆಗೆದುಕೊಳ್ಳುವ ಮಗ್ಗ. ಎರಡರ ನಡುವೆ ಒಂದು ವೈರು, ವೈರಿನ ತುದಿಗೆ ಹೆಬ್ಬೆರಳಿನಷ್ಟು ಡಬ್ಬಿ, ಅದರೊಳಗೊಂದು ಎಲೆಕ್ಟ್ರಾನಿಕ್ ಚಿಪ್ಪು. ಕಂಪ್ಯೂಟರ್ ಹೇಳಿದ್ದನ್ನು ಮಗ್ಗಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ಹಳೆಯ ವೈರನ್ನು ಇಲಿ ಕಡಿದಿತ್ತು. ಟೈಪಿಂಗ್ ಬರುತ್ತದೆ ಎಂಬ ಕಾರಣಕ್ಕೆ ಮನೆಯ ಕಂಪ್ಯೂಟರ್ ಪಂಡಿತನಾಗಿದ್ದ ನನ್ನನ್ನು ಹೊಸದು ತರಲು ಜಮಖಂಡಿಗೆ ಕಳಿಸಿದರು.

ಅಂಗಡಿಯ ಇಮಾಮ್‌ಸಾಬರು ಎರಡು ವೈರು ಮುಂದಿಟ್ಟರು.

“ಇದು ಕಂಪನೀದ್ರಿ. ಇದು ಡುಪ್ಲಿಕೇಟ್. ಚಿಪ್ಪಿನ ಮ್ಯಾಲೆ ಹೆಸರು ಅದಽ ಐತಿ, ಒಳಗಿಂದು ಬ್ಯಾರೆ. ನಡೀತೈತಿ, ಆದ್ರ ನಾ ಗ್ಯಾರಂಟಿ ಕೊಡಾಂಗಿಲ್ರಿ.”

ನಾನು ‘ನಡೀತೈತಿ’ಯನ್ನು ತಂದೆ. ಉಳಿದ ದುಡ್ಡಿನಲ್ಲಿ ಖಾನಾವಳಿಯೊಳಗೆ ಶೇಂಗಾ ಹೋಳಿಗೆ ತಿಂದೆ. ಮನೆಯಲ್ಲಿ ಎರಡನ್ನೂ ಹೇಳಲಿಲ್ಲ.

ವೈರು ಚೆನ್ನಾಗಿಯೇ ನಡೆಯಿತು. ಸೀರೆಯ ಒಡಲು ಮುಗಿದು ಸೆರಗು ಹಿಡಿದ ದಿನ ಕಾಕಾನ ಕಂಪ್ಯೂಟರ್ ಚೌಕ ತೆರೆಯಿತು, ನಾನು ‘ಹೂಂ’ ಒತ್ತಿದೆ. ಆಗ ಕಡು ಬೇಸಿಗೆ ಎಂದು ಬರೆಯುವ ಆಸೆ, ಬೆವರಿದ್ದು ನೆನಪಿದೆ. ಆದರೆ ಸುಳ್ಳು ಹೇಳುವಾಗ ನಾನು ಚಳಿಗಾಲದಲ್ಲೂ ಬೆವರುತ್ತೇನೆ, ಹಾಗಾಗಿ ಆ ಸಾಕ್ಷಿಯನ್ನು ನಂಬಬೇಡಿ. ಕಾಕಾ ಮಗ್ಗ ಚಾಲೂ ಮಾಡಿ ಚಹಾಕ್ಕೆ ಕೂತ. ಎದ್ದು ಬಂದು ನೋಡಿದರೆ ನವಿಲು ಬರಬೇಕಾದಲ್ಲಿ ಚುಕ್ಕಿ, ಗೆರೆ, ಮೆಟ್ಟಿಲು. ಮತ್ತೆ ಅದೇ ಚುಕ್ಕಿ, ಗೆರೆ, ಮೆಟ್ಟಿಲು. ನಾಲ್ಕು ಬೆರಳಗಲ.

ಮಗ್ಗ ರಿಪೇರಿ ಮಾಡುವ ಮೆಕ್ಯಾನಿಕ್ ಫೋನಿನಲ್ಲಿ ಎಲ್ಲ ಕೇಳಿ ನಕ್ಕ. “ಕಾಕಾರ, ವೈರಿನ ಚಿಪ್ಪು ಡುಪ್ಲಿಕೇಟ್ ಐತ್ರಿ. ಅಸಲಿ ಚಿಪ್ಪು ಮಾಡೋ ಕಂಪನಿಯವ್ರು ಹೊಸ ಸಾಫ್ಟ್‌ವೇರಿನ್ಯಾಗ ಉಪಾಯ ಮಾಡ್ಯಾರ. ನಕಲಿ ಚಿಪ್ಪು ಸಿಕ್ಕರ ನಿಮ್ಮ ಡಿಸೈನ್ ಮುಂದ ಹೋಗಾಂಗಿಲ್ಲ. ಅದರ ಬದಲಿ ‘ಇದು ಅಸಲಿ ಅಲ್ಲ’ ಅಂತ ಇಂಗ್ಲಿಷಿನ್ಯಾಗ ಹೋಗತೈತಿ. ಮಗ್ಗಕ್ಕ ಇಂಗ್ಲಿಷ್ ಏನ್ ಗೊತ್ರೀ? ಬಂದದ್ದು ನೇಯ್ದೈತಿ.”

“ಅಂದ್ರ ನನ್ನ ಮಗಳ ಸೆರಗಿನ ಮ್ಯಾಲೆ ‘ಇದು ಅಸಲಿ ಅಲ್ಲ’ ಅಂತ ನೇಯ್ದೇನಿ ನಾ?”

ನೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇರಲಿ ಬಿಡಪಾ. ಬೀಗರಿಗೆ ಚುಕ್ಕಿ ಓದಾಕ ಬರಾಂಗಿಲ್ಲ.”

ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿದ. “ನಿನಗ ಗೊತ್ತಿತ್ತೇನಲೇ?”

“ಇಲ್ಲ ಕಾಕಾ. ಇಮಾಮ್‌ಸಾಬರು ಅಸಲಿ ಅಂತಽ ಕೊಟ್ಟಾರ.”

ಸುಳ್ಳು ಹೇಳಿದವನಿಗೆ ಕೂಡಲೇ ನ್ಯಾಯದ ಮೇಲೆ ಪ್ರೀತಿ ಉಕ್ಕುತ್ತದೆ. ಕಂಪನಿಯ ಪರವಾಗಿ ವಾದಕ್ಕಿಳಿದೆ: ಅವರು ಕಷ್ಟಪಟ್ಟು ಮಾಡಿದ್ದನ್ನು ಕಳ್ಳರು ಅವರ ಹೆಸರಲ್ಲೇ ಮಾರಿದರೆ ಅವರೇನು ಮಾಡಬೇಕು? ಅಷ್ಟಕ್ಕೇ ಬಿಡದೆ, “ನೀನೂ ಈ ನವಿಲು ಬಾಜೂ ಮನಿಯವ್ರ ಸೀರಿ ನೋಡಿ ಕದ್ದದ್ದಲ್ಲೇನು?” ಅಂದೆ.

“ಹೌದಲೇ, ಕದ್ದೇನಿ. ಅಂವಾ ಬಂದು ನಮ್ಮ ಬಾಗಲದಾಗ ನಿಂತು ಬೈದ. ಚಾ ಕುಡದು ಮತ್ತ ಬೈದ. ನಾ ತಲಿ ಬಗ್ಗಿಸಿ ಕೇಳಿದೆ. ಆದ್ರ ನನ್ನ ಮಗ್ಗದ ಎಳಿಗೆ ಕೈ ಹಚ್ಚಿದನೇನು? ಎಷ್ಟಽ ಜಗಳ ಇರಲಿ, ಹೂಡಿದ ಮಗ್ಗಕ್ಕ ಕೈ ಹಚ್ಚಿದಾಂವ ನೇಕಾರ ಅಲ್ಲ. ಈ ಕಂಪನಿಯವ್ರು ಕಳ್ಳನ್ನ ಹಿಡೀಲಿ. ಹೇಳದಽ ಕೇಳದಽ ನನ್ನ ಮಗ್ಗದಾಗ ಯಾಕ ಹೊಕ್ಕರು?”

ಕಾಕಾ ಆ ಕೂಡಲೇ ಇಮಾಮ್‌ಸಾಬರಿಗೆ ಫೋನ್ ಹಚ್ಚಿ, ಅವರು ಬಾಯಿ ತೆರೆಯುವ ಮೊದಲೇ ಮೋಸಗಾರ ಎಂದು ಬೈದು ಇಟ್ಟುಬಿಟ್ಟ. ಆಮೇಲೆ ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಮೆಕ್ಯಾನಿಕ್ ತಂದ ಅಸಲಿ ವೈರಿನಿಂದ ಉಳಿದ ಸೆರಗಿಗೆ ನವಿಲು ಬಂತು. ನೀಲಾ ಅದನ್ನೇ ಉಟ್ಟಳು. ಅತ್ತೆಯಾಗುವವರು ಆ ನಾಲ್ಕು ಬೆರಳಗಲವನ್ನೇ ಹಿಡಿದು, “ಎಷ್ಟು ಛಲೋ ಐತಿ, ಯಾವ ಡಿಸೈನ?” ಅಂದರು. “ಕಂಪನೀದ್ರಿ” ಅಂದಳು ನೀಲಾ. ತಿಂಗಳೊಳಗೆ ಬಾಜೂ ಮನೆಯವನು ಅದನ್ನೂ ಕದ್ದ. ಈ ಸಲ ಕಾಕಾ ಹೋಗಿ ಬೈದು ಬಂದ.

ಈ ಕತೆಯನ್ನು ನಾನು ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ಹೇಳಿದಂತೆಲ್ಲ ಜಮಖಂಡಿಯ ಭಾಗ ಸಣ್ಣದಾಗುತ್ತ ಬಂತು. ಕಳೆದ ಸಲದ ಕತೆಯಲ್ಲಂತೂ ವೈರು ಪೋಸ್ಟಿನಲ್ಲಿ ಬಂದುಬಿಟ್ಟಿತು.

ಇವತ್ತು ಆ ಚೌಕವನ್ನು ಹಾಗೇ ಬಿಟ್ಟು ಕಾಕಾನಿಗೆ ಫೋನ್ ಮಾಡಿದೆ. ಗೊತ್ತಿದ್ದೇ ತಂದೆ, ಇಮಾಮ್‌ಸಾಬರು ಡುಪ್ಲಿಕೇಟ್ ಎಂದು ಹೇಳಿಯೇ ಕೊಟ್ಟಿದ್ದರು ಅಂದೆ. ಅತ್ತ ಬಡಿಯುತ್ತಿದ್ದ ಮಗ್ಗ ನಿಂತಿತು.

“ಅಂದ್ರ ಕಂಪನಿ ಖರೆ ಹೇಳಿತ್ತು. ಇಮಾಮ್‌ಸಾಬನೂ ಖರೆ ಹೇಳಿದ್ದ. ನಮ್ಮ ಮನ್ಯಾಗಿನ ಮಾಲಽ ಡುಪ್ಲಿಕೇಟ್.”

“ಹೌದು ಕಾಕಾ” ಅಂದೆ.

“ನಾಳೆ ಜಮಖಂಡಿಗೆ ನಡಿ. ಅವನ ಮುಂದ ಮೊದಲ ನೀ ಮಾತಾಡು, ಆಮ್ಯಾಲೆ ನಾ ಕ್ಷಮಾ ಕೇಳತೇನಿ. ಅಲ್ಲೀತನಾ ಬಾಗಲದಾಗ ನಿಂತಿರತೇನಿ.”

“ಬಾಗಲದಾಗ ಯಾಕ ಕಾಕಾ?”

“ನೀ ಓಡಿ ಹೋಗಬಾರದಲ್ಲ.”