ಲಿವರ್ ಗಟ್ಟಿ ಉಂಟು

"ನಿಮ್ಮ ಲಿವರ್ ಸ್ವಲ್ಪ ಗಟ್ಟಿ ಉಂಟು ಅಮ್ಮ" ಎಂದರು ಮಣಿಪಾಲದ ಡಾಕ್ಟರು. ನಾನು ಹಿಗ್ಗಿದೆ. "ವಿಜಯಪುರದ ಮಂದಿ ಎಲ್ಲಾರೂ ಗಟ್ಟೀನ ಇರ್ತೀವ್ರಿ" ಎಂದೆ. ನಮ್ಮ ಕಡೆ ಗಟ್ಟಿ ಎಂದರೆ ಆರೋಗ್ಯವಲ್ಲವೇ? ಡಾಕ್ಟರು ನಗಲಿಲ್ಲ. ಕೊಬ್ಬು ತುಂಬಿದ ಲಿವರು ಬಿಗಿಯಾಗುತ್ತಿದೆ, ಒಳಗೆ ಗಾಯದ ಕಲೆ ಕಟ್ಟುತ್ತಿರಬಹುದು ಎಂದರು.

ನಿವೃತ್ತಳಾಗಿ ಕಾರ್ಕಳದ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದು ಎರಡು ವರ್ಷ. ಐದಕ್ಕೆ ಏಳುವುದು, ಎಂಟಕ್ಕೆ ತಿಂಡಿ, ಸಂಜೆ ಏಳಕ್ಕೆ ಹಾಜರಿ. ಶಾಲೆಯಲ್ಲಿ ವ್ಯಾಯಾಮ ಕಲಿಸಿದವಳ ದಿನಚರಿ ಇಲ್ಲಿಯೂ ಕದಲಿಲ್ಲ. ಕದಲಿದ್ದು ತಟ್ಟೆ: ಅಲ್ಲಿ ಜೋಳದ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಅನ್ನ. ಮೊದಲ ವಾರ ಅಡುಗೆಯ ಗುಲಾಬಿಯವರು ತುಳುವಿನಲ್ಲಿ "ಬೊಡ್ಚಾ?" ಎಂದಾಗಲೆಲ್ಲ ಹೂಂ ಎಂದು ತಲೆಯಾಡಿಸಿ ಹಸಿದುಕೊಂಡು ಎದ್ದೆ. ಅದರರ್ಥ "ಬೇಡವಾ?" ಈಗ "ಬೋಡು" ಎಂದು ಕೇಳಿ ಹಾಕಿಸಿಕೊಳ್ಳುತ್ತೇನೆ.

ಲಿವರಿನ ಸುದ್ದಿ ಕೇಳಿ ಗುಲಾಬಿಯವರು, "ಎಂತ ಮೇಡಂ, ಕುಡಿಯುವವರಿಗೆ ಅಲ್ವಾ ಅದು? ಇನ್ನು ನಿಮ್ಮ ಕಪಾಟು ನೋಡ್ಬೇಕು!" ಎಂದರು. ನನಗೆ ನಗು ಬರಲಿಲ್ಲ. ಕುಡಿತವಿಲ್ಲ, ಶಿಸ್ತು ತಪ್ಪಿಲ್ಲ. ಮತ್ತೆ ಏಕೆ?

ಮುಂದಿನ ಭೇಟಿಯಲ್ಲಿ, ಸಂಶೋಧನೆಗೆ ರಕ್ತ ಕೇಳಲು ಬಂದ ಉದ್ಯಾವರದ ರೀನಾಳಿಗೆ ಅದನ್ನೇ ಕೇಳಿದೆ.

"ಸಕ್ಕರೆ, ತೂಕ, ವಂಶ ಎಲ್ಲ ಸೇರ್ತದೆ ಮೇಡಂ. ನಾವು ನೋಡುವುದು ನಾನ್‌ಕೋಡಿಂಗ್ ಆರ್‌ಎನ್‌ಎ. ಅದು ತಾನು ಪ್ರೋಟೀನ್ ಮಾಡುವುದಿಲ್ಲ. ಬೇರೆ ಜೀನ್‌ಗಳಿಗೆ 'ಸಾಕು, ಸುಮ್ಮನಿರಿ' ಅಂತ ಹೇಳ್ತದೆ."

"ಪಾಠ ಮಾಡೂದಿಲ್ಲ, ಗದ್ದಲ ನಿಲ್ಲಸ್ತದ. ಅಂದ್ರ ಅದೂ ವಾರ್ಡನ್ನ!"

"ಸಮ ಹೇಳಿದ್ರಿ! ಆ ವಾರ್ಡನ್ ಹದ ತಪ್ಪಿದ್ರೆ ಲಿವರಲ್ಲಿ ಕೊಬ್ಬು ಹೆಚ್ಚಾಗ್ಬಹುದು."

ಅವಳು ನಕ್ಕಳು. ನನಗೆ ಹೆದರಿಕೆ ಬಲವಾಯಿತು. ನನ್ನ ಅಪ್ಪಣೆಗೆ ಸಿಗದವರು ಯಾರೋ ನನ್ನೊಳಗೇ ಆಡಳಿತ ನಡೆಸುತ್ತಿದ್ದರು.

"ನನ್ನ ರಕ್ತದಾಗ ಏನದ ಅಂತ ಯಾವಾಗ ಹೇಳ್ತೀಯವ್ವಾ?"

"ಹೇಳ್ಲಿಕ್ಕೆ ಆಗುವುದಿಲ್ಲ ಮೇಡಂ. ಇದು ಇನ್ನೂ ಸಂಶೋಧನೆ, ನಿಮಗೆ ರಿಪೋರ್ಟ್ ಇಲ್ಲ. ಬೇಡ ಅಂದ್ರೂ ಅಡ್ಡಿಲ್ಲ."

ಸಹಿ ಹಾಕಿದೆ. ರಕ್ತ ಫ್ರೀಜರಿಗೆ ಹೋಯಿತು. ತೂಕ ಇಳಿಸಿ ಆರು ತಿಂಗಳಿಗೆ ಮತ್ತೆ ಬನ್ನಿ, ಲಿವರಿನ ಗಟ್ಟಿತನ ಅಳೆದ ಇದೇ ಯಂತ್ರದಲ್ಲಿ ಮತ್ತೆ ನೋಡಿದರೆ ಹೋಲಿಸುವುದು ಸುಲಭ ಎಂದರು ಡಾಕ್ಟರು.

ಸಂಜೆ ಊರಿನಿಂದ ತಮ್ಮನ ಫೋನು. "ಅಕ್ಕಾ, ಸಾಕಿನ್ನ. ಊರಿಗೆ ಬಂದಬಿಡು. ಇಲ್ಲಿ ದವಾಖಾನಿ ಇಲ್ಲೇನು?"

ಇವೆ. ಆದರೆ ಲಿವರಿನ ಮೊದಲ ಅಳತೆ ಇಲ್ಲಿದೆ. ಎರಡನೆಯದು ತಿಳಿಯುವವರೆಗೆ ಬಿಟ್ಟು ಹೊರಡಲು ಧೈರ್ಯವಿಲ್ಲ. "ರಜಾದಾಗ ಬಂದು ಹೋಗ್ತೀನಿ" ಎಂದೆ.

"ಬಂದು ಹೋಗೂದಂದ್ರ? ಸ್ವಂತ ಮನಿಗೆ ಯಾರರೆ ಬಂದು ಹೋಗ್ತಾರೇನು?"

ಹಾಜರಿಯ ಹೊತ್ತಾಯಿತೆಂದು ಫೋನ್ ಇಟ್ಟೆ.